ರೆಕ್ಕೆಯ ಮೇಲೆ ಕೂತ ಎಂಜಿನ್

ನವೆಂಬರ್ 1, 2023, ಬುಧವಾರ

ಬೆಳಿಗ್ಗೆ ಸರ್ಕಲ್ಲಿನಲ್ಲಿ ಬಾವುಟ ಹಾರಿಸಿದ್ದಾಯಿತು, ಮೈಸೂರುಪಾಕು ಹಂಚಿದ್ದೂ ಆಯಿತು. ಹತ್ತು ಗಂಟೆಗೆಲ್ಲ ಮನೆಗೆ ಬಂದು ಈ ಪುಸ್ತಕ ತೆಗೆದು ಕೂತಿದ್ದೇನೆ. ನವೆಂಬರ್ ಒಂದು ಅಂದರೆ ಎಲ್ಲರಿಗೂ ರಾಜ್ಯೋತ್ಸವ. ನನಗೆ ಅದರ ಜೊತೆಗೆ ಇನ್ನೊಂದು ನೆನಪೂ ಸೇರಿಕೊಂಡಿದೆ. 1961ರ ಇದೇ ದಿನ ಕಾನ್ಪುರದಲ್ಲಿ ಜೋಡಿಸಿದ ಮೊದಲ ಆವ್ರೋ ವಿಮಾನ ನೆಲ ಬಿಟ್ಟಿತು. ನಾನಾಗ ಮದ್ದೂರಿನ ಹತ್ತಿರ ನಮ್ಮೂರ ಶಾಲೆಯಲ್ಲಿ ಮೂರನೇ ಕ್ಲಾಸು. ವಿಮಾನ ಅಂದರೆ ಕಬ್ಬಿನ ಗದ್ದೆಯ ಮೇಲೆ ಯಾವಾಗಲೋ ಹಾದುಹೋಗುವ ಸದ್ದು, ಅಷ್ಟೆ. ಹದಿಮೂರು ವರ್ಷ ಕಳೆಯುವುದರೊಳಗೆ ಅದೇ ವಿಮಾನದ ಹೊಟ್ಟೆಯಡಿ ಅಂಗಾತ ಮಲಗಿ ಸ್ಪ್ಯಾನರ್ ಹಿಡಿದಿದ್ದೆ.

ಸೆಪ್ಟೆಂಬರ್ 25ರಂದು ಹಿಂಡನ್‌ನಲ್ಲಿ ಸಿ-295 ವಿಮಾನವನ್ನು ವಾಯುಪಡೆಗೆ ಸೇರಿಸಿಕೊಂಡರಲ್ಲ, ಆ ಸುದ್ದಿಯ ಕಟಿಂಗ್ ಇದೇ ಪುಸ್ತಕದಲ್ಲಿ ಮಡಿಸಿ ಇಟ್ಟಿದ್ದೇನೆ. ಹೊಸ ವಿಮಾನದ ಬಗ್ಗೆ ಅರ್ಧ ಪುಟ. ಆವ್ರೋ ಬಗ್ಗೆ ಒಂದೇ ಸಾಲು: ಹಳೆಯ ಆವ್ರೋಗಳ ಜಾಗಕ್ಕೆ ಇವು ಬರುತ್ತವೆ ಎಂದು. ಅರವತ್ತು ವರ್ಷ ದುಡಿದ ವಿಮಾನಕ್ಕೆ ಒಂದು ಸಾಲು. ನನಗೆ ತಿಳಿದಷ್ಟನ್ನು ಬರೆದು ಆ ಸಾಲನ್ನು ಸ್ವಲ್ಪ ಉದ್ದ ಮಾಡಬೇಕು ಅನ್ನಿಸಿತು.

ಕಾನ್ಪುರದ ಕತೆ ಅಂದರೆ ಏರ್ ವೈಸ್ ಮಾರ್ಷಲ್ ಹರ್ಜಿಂದರ್ ಸಿಂಗ್ ಅವರ ಕತೆ. ಎಂಜಿನಿಯರಿಂಗ್ ಓದಿದ್ದರೂ, 1933ರಲ್ಲಿ ವಾಯುಪಡೆಯ ಮೊದಲ ಸ್ಕ್ವಾಡ್ರನ್ ಹುಟ್ಟಿದಾಗ ಹವಾಯಿ ಸಿಪಾಯಿಯಾಗಿ ಸೇರಿದವರು. ಅಂದರೆ ನಮ್ಮ ಹಾಗೆ ಕೈಗೆ ಗ್ರೀಸ್ ಹಚ್ಚಿಕೊಳ್ಳುವ ಕೆಲಸ. ಅಲ್ಲಿಂದ ಮೆಟ್ಟಿಲು ಮೆಟ್ಟಿಲಾಗಿ ಮೇಲೆ ಬಂದು, ಡಕೋಟಾಗೆ ಬದಲಿ ವಿಮಾನ ಹುಡುಕುವ ಹೊತ್ತು ಬಂದಾಗ, ಹೊರಗಿಂದ ಕೊಳ್ಳುವುದು ಬೇಡ, ಲೈಸೆನ್ಸ್ ತಂದು ಇಲ್ಲೇ ಕಟ್ಟೋಣ ಎಂದು ಪಟ್ಟು ಹಿಡಿದರು. 1960ರಲ್ಲಿ ಕಾನ್ಪುರದ ಹಳೆಯ ಹ್ಯಾಂಗರುಗಳಲ್ಲಿ ವಿಮಾನ ತಯಾರಿಕಾ ಡಿಪೋ ಶುರುವಾಯಿತು. ಇಂಗ್ಲೆಂಡಿನಿಂದ ಬಿಡಿಭಾಗಗಳು ಪೆಟ್ಟಿಗೆಗಳಲ್ಲಿ ಬಂದವು. ಎರಡು ವರ್ಷ ತುಂಬುವ ಮೊದಲೇ ವಿಮಾನ ಮೇಲೆದ್ದಿತು. ಅದಕ್ಕೆ 'ಸುಬ್ರತೋ' ಎಂದು ಹೆಸರಿಟ್ಟರು. ವಾಯುಪಡೆಯ ಮೊದಲ ಭಾರತೀಯ ಮುಖ್ಯಸ್ಥ ಸುಬ್ರತೋ ಮುಖರ್ಜಿ ಅದರ ಹಿಂದಿನ ನವೆಂಬರಿನಲ್ಲಿ ಟೋಕಿಯೋದಲ್ಲಿ ತೀರಿಕೊಂಡಿದ್ದರು.

ಒಬ್ಬ ಸಿಪಾಯಿ ಮೆಕ್ಯಾನಿಕ್ ಪಟ್ಟು ಹಿಡಿದು ಕಟ್ಟಿಸಿದ ವಿಮಾನ ಎಂಬ ಅಭಿಮಾನ ನಮ್ಮ ಟ್ರೇಡಿನವರಿಗೆಲ್ಲ ಇತ್ತು. ನನಗೆ ಈಗಲೂ ಇದೆ.

ನವೆಂಬರ್ 5, ಭಾನುವಾರ

ಚಂದನಾ ಬಂದಿದ್ದಳು. ವಿಮಾನ ನಿರ್ವಹಣೆಯ ಕೋರ್ಸು ಸೇರಿ ಎರಡನೇ ವರ್ಷ. ನನ್ನ ಮಗ ಬ್ಯಾಂಕು ಅಂತ ಹೋದ, ಮೊಮ್ಮಗಳು ಹ್ಯಾಂಗರಿಗೆ ವಾಪಸು ಬಂದಳು. ಅವಳ ಕೈಯಲ್ಲಿ ಎಟಿಆರ್ ವಿಮಾನದ ಚಿತ್ರಗಳ ದಪ್ಪ ಪುಸ್ತಕ. ಗೋಡೆಯಲ್ಲಿ ನೇತುಹಾಕಿರುವ ಆವ್ರೋ ಫೋಟೋ ಹತ್ತಿರ ಹೋಗಿ ನಿಂತು ಕೇಳಿದಳು, "ತಾತ, ಎಂಜಿನ್ ಯಾಕೆ ರೆಕ್ಕೆಯ ಮೇಲೆ ಕೂತಿದೆ? ರೆಕ್ಕೆ ಕೆಳಗೆ ತೂಗಬೇಕಲ್ವಾ?"

ಇಷ್ಟು ವರ್ಷದಲ್ಲಿ ಆ ಫೋಟೋ ನೋಡಿದ ನೂರಾರು ಜನರಲ್ಲಿ ಈ ಪ್ರಶ್ನೆ ಕೇಳಿದವಳು ಇವಳೊಬ್ಬಳೇ. ಊಟ ತಡವಾದರೂ ಪರವಾಗಿಲ್ಲ ಎಂದು ಕೂರಿಸಿಕೊಂಡು ಹೇಳಿದೆ.

1957ರಲ್ಲಿ ಬ್ರಿಟನ್ನಿನ ರಕ್ಷಣಾ ಮಂತ್ರಿ ಡಂಕನ್ ಸ್ಯಾಂಡಿಸ್ ಒಂದು ಶ್ವೇತಪತ್ರ ತಂದರು. ಮುಂದೆ ಕ್ಷಿಪಣಿಗಳ ಕಾಲ, ಪೈಲಟ್ ಕೂರುವ ಯುದ್ಧವಿಮಾನಗಳು ಇನ್ನು ಕಡಿಮೆ ಸಾಕು ಎಂಬುದು ಅದರ ಸಾರ. ಲ್ಯಾಂಕಾಸ್ಟರ್, ವಲ್ಕನ್‌ನಂಥ ಬಾಂಬರುಗಳನ್ನು ಕಟ್ಟಿದ್ದ ಆವ್ರೋ ಕಂಪನಿಗೆ ಬೇರೆ ದಾರಿ ಹುಡುಕಬೇಕಾಯಿತು. ಲೋಕದ ತುಂಬ ಡಕೋಟಾಗಳು ಮುದಿಯಾಗುತ್ತಿದ್ದವು. ಅವುಗಳ ಜಾಗ ತುಂಬುವ, ಸಣ್ಣ ಊರುಗಳ ಒರಟು ಪಟ್ಟಿಯಲ್ಲಿ ಇಳಿಯುವ, ಎರಡೇ ಎಂಜಿನ್ನಿನ ವಿಮಾನ ಮಾಡೋಣ ಎಂದು ಹೊರಟರು. ಮೊದಲು ಬರೆದ ನಕ್ಷೆಯಲ್ಲಿ ಇಪ್ಪತ್ತು ಜನ ಕೂರುವಷ್ಟು ಜಾಗ, ರೆಕ್ಕೆ ನೆತ್ತಿಯ ಮೇಲೆ. ಅದು ಸಣ್ಣದಾಯಿತೆಂದು ನಲವತ್ತು ಜನರದ್ದಕ್ಕೆ ಹಿಗ್ಗಿಸುವಾಗ ರೆಕ್ಕೆಯನ್ನು ಕೆಳಕ್ಕೆ ತಂದರು. 748 ಎಂಬ ನಂಬರಿನ ಆ ವಿಮಾನ 1960ರ ಜೂನ್ 24ರಂದು ವುಡ್‌ಫರ್ಡ್‌ನಲ್ಲಿ ಮೊದಲ ಸಲ ಹಾರಿತು.

ರೆಕ್ಕೆ ಕೆಳಗೆ ಬಂದರೆ ಏನು ಲಾಭ? ಚಕ್ರದ ಕಾಲು ಗಿಡ್ಡವಾಗಿ, ಗಟ್ಟಿಯಾಗಿ ಇರಬಹುದು. ಆದರೆ ಹನ್ನೆರಡು ಅಡಿ ಅಗಲ ತಿರುಗುವ ಪ್ರೊಪೆಲರ್ ನೆಲಕ್ಕೆ ತಾಗಬಾರದು, ಜಲ್ಲಿಕಲ್ಲು ಎಳೆದುಕೊಳ್ಳಬಾರದು. ಅದಕ್ಕೇ ಎಂಜಿನ್ನನ್ನು ಎತ್ತಿ ರೆಕ್ಕೆಯ ಮೇಲೆ ಕೂರಿಸಿದರು. ಚಕ್ರಗಳು ಮಡಿಸಿಕೊಂಡು ಕೂರಲು ರೆಕ್ಕೆಯ ಕೆಳಗೆ ಒಂದು ಉಬ್ಬು ಕೊಟ್ಟರು. ಪಕ್ಕದಿಂದ ನೋಡಿದರೆ ಎಂಜಿನ್ ಎತ್ತಿನ ಹಿಣಿಲಿನ ಹಾಗೆ ಕಾಣುತ್ತದೆ. ಅದೇ ಕಾಲದ ಫಾಕರ್ ಫ್ರೆಂಡ್‌ಶಿಪ್ ವಿಮಾನಕ್ಕೂ ಇದೇ ಎಂಜಿನ್. ಅವರು ರೆಕ್ಕೆಯನ್ನೇ ನೆತ್ತಿಗೆ ಏರಿಸಿ, ಕಾಲು ಉದ್ದ ಮಾಡಿದರು. ಒಂದು ತೊಡಕಿಗೆ ಎರಡು ಉತ್ತರ, ಎರಡೂ ಸರಿ. ಎಂಬತ್ತರ ದಶಕದಲ್ಲಿ ನಮಗೆ ಎಎನ್-32 ಬಂದಾಗ ಅದರಲ್ಲಿ ರೆಕ್ಕೆಯೂ ಮೇಲೆ, ಎಂಜಿನ್ ಅದಕ್ಕಿಂತ ಮೇಲೆ. ಬಲವಾದ ಎಂಜಿನ್, ದೊಡ್ಡ ಪ್ರೊಪೆಲರ್, ಕಾರಣ ಅದೇ.

ಚಕ್ರದ ಕಾಲುಗಳು ಮುಂದಕ್ಕೆ ಮಡಿಸುತ್ತವೆ ಎಂದಾಗ ಚಂದನಾ ತಾನೇ ಹೇಳಿಬಿಟ್ಟಳು: "ಹೈಡ್ರಾಲಿಕ್ ಕೈಕೊಟ್ಟರೆ ತನ್ನ ಭಾರಕ್ಕೆ ಬೀಳತ್ತೆ, ಎದುರುಗಾಳಿ ಹಿಂದಕ್ಕೆ ತಳ್ಳಿ ಲಾಕ್ ಮಾಡತ್ತೆ!" ನಾನು ತಿಂಗಳುಗಟ್ಟಲೆ ಕಲಿತದ್ದನ್ನು ಹುಡುಗಿ ಕೂತಲ್ಲೇ ಹಿಡಿದಳು. ಖುಷಿಗೆ ಎರಡು ತುತ್ತು ಜಾಸ್ತಿ ಉಂಡೆ.

ನವೆಂಬರ್ 13, ಸೋಮವಾರ

ಹಬ್ಬ. ಪಟಾಕಿ ಸದ್ದು ರಾತ್ರಿ ಹನ್ನೊಂದರವರೆಗೂ ನಿಲ್ಲಲಿಲ್ಲ.

ಧಾರವಾಡದಿಂದ ಕುಲಕರ್ಣಿ ಫೋನು. ಅವನು ಎಂಜಿನ್ ಫಿಟ್ಟರ್, ನಾನು ಏರ್‌ಫ್ರೇಮ್. ಒಂದೇ ವಿಮಾನದ ಮೇಲೆ ಎಂಟು ವರ್ಷ ದುಡಿದೆವು. ಈಗ ಅವನ ಜೊತೆ ಮಾತಾಡಬೇಕಾದರೆ ಕೂಗಬೇಕು. "ಏನ್ರೀ ಗೌಡ್ರ, ಆರಾಮ್ ಇದ್ದೀರೇನು? ಇಲ್ಲಿ ಪಟಾಕಿ ಹೊಡದ್ರೂ ನನಗ ಕೇಳಸೂದಿಲ್ಲ ಬಿಡ್ರಿ!" ಎಂದ. ಅವನ ಕಿವಿ ಹೋದದ್ದು ಡಾರ್ಟ್ ಎಂಜಿನ್ನಿನ ಎದುರು ನಿಂತು ನಿಂತು. ಅಂದು ಕಿವಿ ಮುಚ್ಚುವ ಮಫ್ ಎಲ್ಲರಿಗೂ ಸಾಕಾಗುವಷ್ಟು ಇರುತ್ತಿರಲಿಲ್ಲ. ಇದ್ದದ್ದನ್ನು ಒಬ್ಬರ ತಲೆಯಿಂದ ಇನ್ನೊಬ್ಬರ ತಲೆಗೆ ದಾಟಿಸಿಕೊಳ್ಳುತ್ತಿದ್ದೆವು. ಇದನ್ನು ಬರೆದಿಡಬೇಕು. ವಿಮಾನಗಳ ಇತಿಹಾಸ ಬರೆಯುವವರು ಕಿವಿಗಳ ಲೆಕ್ಕ ಬರೆಯುವುದಿಲ್ಲ.

ರೋಲ್ಸ್ ರಾಯ್ಸ್‌ನವರು ತಮ್ಮ ಜೆಟ್ ಎಂಜಿನ್‌ಗಳಿಗೆ ನದಿಗಳ ಹೆಸರಿಟ್ಟರು: ನೀನ್, ಡರ್ವೆಂಟ್, ಏವನ್, ಟೈನ್. ಡಾರ್ಟ್ ಕೂಡ ಇಂಗ್ಲೆಂಡಿನ ಡೆವನ್ ಸೀಮೆಯ ಒಂದು ಹೊಳೆ. ಮೊದಲ ದಿನ ಇದನ್ನು ನನಗೆ ಹೇಳಿಕೊಟ್ಟವನು ಕುಲಕರ್ಣಿಯೇ. "ಹೊಳಿ ಹೆಸರಿಟ್ಟಾರ್ರೀ, ಹರಿದಂಗ ನಡೀತದ" ಅಂದಿದ್ದ. ನಮ್ಮವರು ಬೆಂಗಳೂರಿನಲ್ಲಿ ಎಂಜಿನ್ ಮಾಡಲು ಹೊರಟಾಗ ಅದಕ್ಕೆ ಕಾವೇರಿ ಎಂದು ಹೆಸರಿಟ್ಟದ್ದು ಕೇಳಿ, ಮಂಡ್ಯದವನಾದ ನನಗೆ ಫೋನು ಮಾಡಿ ಅಭಿನಂದನೆ ಹೇಳಿದವನೂ ಅವನೇ.

ಡಾರ್ಟ್ ಒಳಗೆ ನಿಮಿಷಕ್ಕೆ 15,000 ಸುತ್ತು. ಹಲ್ಲುಚಕ್ರಗಳು ಅದನ್ನು ಇಳಿಸಿ ಇಳಿಸಿ ಪ್ರೊಪೆಲರಿಗೆ ಸುಮಾರು 1,400 ಕೊಡುತ್ತವೆ. ಒಳಗಿನ ಆ ಸುತ್ತೇ ಕಿವಿ ಸೀಳುವ ಶಿಳ್ಳೆ. ಗಾಳಿಯನ್ನು ಒತ್ತಲು ಎರಡು ದೊಡ್ಡ ಇಂಪೆಲರ್, ಒಂದರ ಹಿಂದೊಂದು. ಸುತ್ತ ಏಳು ದಹನ ಕೊಳವೆ. ಹಳೇ ಕಾಲದ ವಿನ್ಯಾಸ, 1946ರಲ್ಲೇ ಮೊದಲು ಓಡಿದ್ದು. ಆದರೆ ಹಕ್ಕಿ ಹೊಡೆದರೂ ಧೂಳು ನುಂಗಿದರೂ ಸುಲಭಕ್ಕೆ ಜಗ್ಗುತ್ತಿರಲಿಲ್ಲ. ಬೇಸಿಗೆಯಲ್ಲಿ, ರಾಜಸ್ಥಾನದ ಬಿಸಿಲಿಗೆ ಗಾಳಿ ತೆಳುವಾಗಿ ಬಲ ಕುಗ್ಗಿದಾಗ, ಟೇಕಾಫ್ ಹೊತ್ತಿಗೆ ನೀರು ಮತ್ತು ಮೆಥನಾಲ್ ಬೆರೆಸಿ ಒಳಗೆ ಚಿಮ್ಮಿಸುತ್ತಿದ್ದರು. ಬಿಸಿಲಲ್ಲಿ ಸೋತವನ ಮುಖಕ್ಕೆ ತಣ್ಣೀರು ಎರಚಿದ ಹಾಗೆ. ಸದ್ದು ಒಮ್ಮೆಲೇ ಗಡುಸಾಗಿ, ವಿಮಾನ ಮುಂದಕ್ಕೆ ನುಗ್ಗುತ್ತಿತ್ತು.

ನವೆಂಬರ್ 26, ಭಾನುವಾರ

ಚಂದನಾಗೆ ಪರೀಕ್ಷೆಯಂತೆ, ಬರಲಿಲ್ಲ. ಅವಳಿಗೆ ಹೇಳಬೇಕೆಂದಿದ್ದನ್ನು ಇಲ್ಲಿ ಬರೆದಿಡುತ್ತೇನೆ.

ಆವ್ರೋ ವಿನ್ಯಾಸದಲ್ಲಿ ಕಣ್ಣಿಗೆ ಕಾಣುವುದು ಎಂಜಿನ್ನಿನ ಎತ್ತರ. ಕಾಣದ್ದು ಅದಕ್ಕಿಂತ ದೊಡ್ಡದು. 1954ರಲ್ಲಿ ಬ್ರಿಟನ್ನಿನ ಕಾಮೆಟ್ ಜೆಟ್‌ಗಳು ಎರಡು ಆಕಾಶದಲ್ಲೇ ಸಿಡಿದು ಮೆಡಿಟರೇನಿಯನ್ ಸಮುದ್ರಕ್ಕೆ ಬಿದ್ದವು. ಫಾರ್ನ್‌ಬರೋದಲ್ಲಿ ಒಂದು ಕಾಮೆಟ್ಟನ್ನು ಇಡಿಯಾಗಿ ನೀರಿನ ತೊಟ್ಟಿಯಲ್ಲಿ ಮುಳುಗಿಸಿ, ಒಳಗೆ ಒತ್ತಡ ತುಂಬಿ ಬಿಟ್ಟು, ತುಂಬಿ ಬಿಟ್ಟು ಸಾವಿರಾರು ಸಲ ಮಾಡಿ ನೋಡಿದರು. ಕಿಟಕಿಯ ಮೂಲೆಯಿಂದ ಬಿರುಕು ಓಡಿ ಮೈ ಸೀಳಿತು. ಲೋಹಕ್ಕೂ ದಣಿವಾಗುತ್ತದೆ ಎಂಬುದನ್ನು ಆ ತೊಟ್ಟಿ ಎಲ್ಲರಿಗೂ ಕಲಿಸಿತು.

ಅದಾದ ಮೇಲೆ ಹುಟ್ಟಿದ ವಿಮಾನ ನಮ್ಮದು. 'ಫೇಲ್ ಸೇಫ್' ಎಂಬ ತತ್ತ್ವವನ್ನು ಮೊದಲಿಂದಲೂ ನಕ್ಷೆಯಲ್ಲೇ ಕೂಡಿಸಿಕೊಂಡು ಬಂದ ಮೊದಮೊದಲ ವಿಮಾನಗಳಲ್ಲಿ ಒಂದು. ಹೆಸರಿನಿಂದ ಅರ್ಥವಾಗುವುದಿಲ್ಲ. ನಮ್ಮೂರ ತೊಟ್ಟಿಮನೆಯ ತೊಲೆಗಳನ್ನು ನೆನೆದುಕೊಂಡರೆ ಅರ್ಥವಾಗುತ್ತದೆ. ಒಂದು ತೊಲೆಗೆ ಗೆದ್ದಲು ಹಿಡಿಯಿತು ಅನ್ನಿ. ಪಕ್ಕದ ತೊಲೆಗಳು ಭಾರ ಹಂಚಿಕೊಳ್ಳುತ್ತವೆ, ಸೂರು ಒಂದು ಬೆರಳು ಜಗ್ಗುತ್ತದೆ, ಜಂತೆಯ ಸಂದಿಯಿಂದ ಮಣ್ಣು ಉದುರುತ್ತದೆ. ಮನೆಯವರು ನೋಡಿ ಬಡಗಿಯನ್ನು ಕರೆಯಲು ಹೊತ್ತಿರುತ್ತದೆ. ಒಂದೇ ತೊಲೆಯ ಮೇಲೆ ಇಡೀ ಸೂರು ನಿಲ್ಲಿಸಿದ್ದರೆ ಆ ಹೊತ್ತು ಸಿಗುವುದಿಲ್ಲ. ಆವ್ರೋದ ರೆಕ್ಕೆಯಲ್ಲಿ ಎರಡು ಮುಖ್ಯ ತೊಲೆ, ನಾವು ಸ್ಪಾರ್ ಅನ್ನುತ್ತೇವೆ. ಹೊದಿಕೆಯ ತಗಡುಗಳೂ ಭಾರ ಹೊರುತ್ತವೆ. ಒಂದು ಕಡೆ ಬಿರುಕು ಬಿಟ್ಟರೆ ಅದು ನಿಧಾನವಾಗಿ ಬೆಳೆಯುತ್ತದೆ, ಪಕ್ಕದ್ದು ಭಾರ ಹೊರುತ್ತದೆ.

ಬಿರುಕು ಬೆಳೆಯುವ ಆ ನಿಧಾನದಲ್ಲಿ ನಮ್ಮ ಕೆಲಸ ಇತ್ತು. ಟಾರ್ಚು, ಹಿಡಿ ಇರುವ ಸಣ್ಣ ಕನ್ನಡಿ, ಭೂತಗನ್ನಡಿ ಹಿಡಿದು ರೆಕ್ಕೆಯ ಸಂದಿಯಲ್ಲಿ ತಲೆ ತೂರಿಸಿ ಇಂಚಿಂಚು ನೋಡುತ್ತಿದ್ದೆವು. ಬಿರುಕನ್ನು ವಿನ್ಯಾಸ ತಡೆಯುವುದಿಲ್ಲ, ಕಾಯುತ್ತದೆ. ಯಾರೋ ಒಬ್ಬ ಬಂದು ನೋಡುವ ತನಕ ಕಾಯುತ್ತದೆ. ಆ ಯಾರೋ ಒಬ್ಬ ನಾನಾಗಿದ್ದೆ ಎಂಬ ಎಣಿಕೆಯಲ್ಲೇ ನನ್ನ ಇಪ್ಪತ್ತು ವರ್ಷ ಕಳೆಯಿತು.

ಡಿಸೆಂಬರ್ 10, ಭಾನುವಾರ

ಇವತ್ತು ಮನೆಯ ಊಟದ ಮೇಜು ವರ್ಕ್‌ಶಾಪ್ ಆಗಿತ್ತು. ಚಂದನಾಗೆ ಪ್ರಾಕ್ಟಿಕಲ್ಲಿನಲ್ಲಿ ಲಾಕಿಂಗ್ ವೈರ್ ಸರಿಯಾಗಿಲ್ಲವೆಂದು ಮೂರು ಸಲ ವಾಪಸು ಕೊಟ್ಟರಂತೆ. ಮುಖ ಬಾಡಿತ್ತು. ಅಟ್ಟದಿಂದ ನನ್ನ ಹಳೆಯ ಇಕ್ಕಳ ತೆಗೆಸಿದೆ. ಅವಳು ತಂದಿದ್ದ ಅಭ್ಯಾಸದ ಪ್ಲೇಟಿನಲ್ಲಿ ತಲೆಗೆ ತೂತಿರುವ ಎರಡು ಬೋಲ್ಟು.

ವಿಮಾನದಲ್ಲಿ ಎಲ್ಲವೂ ನಡುಗುತ್ತದೆ. ನಡುಗಿದ್ದು ಸಡಿಲವಾಗುತ್ತದೆ. ಅದಕ್ಕೇ ಒಂದು ಬೋಲ್ಟಿನ ತಲೆಯಿಂದ ಇನ್ನೊಂದರ ತಲೆಗೆ ಸ್ಟೀಲ್ ತಂತಿ ಹೆಣೆದು ಕಟ್ಟುವುದು. ಒಂದು ಬೋಲ್ಟ್ ಸಡಿಲವಾಗಲು ಹೊರಟರೆ ತಂತಿ ಇನ್ನೊಂದನ್ನು ಬಿಗಿಯುವ ಕಡೆಗೆ ಎಳೆಯಬೇಕು. ಅದರ ಗುಟ್ಟು ಇಷ್ಟೆ. ಕಲಿಯಲು ವರ್ಷ ಬೇಕು. ತಂತಿಯನ್ನು ತೂತಿನಲ್ಲಿ ದಾಟಿಸಿ, ತಲೆಯ ಸುತ್ತ ಒತ್ತಿ ತಂದು, ಎರಡೂ ಎಳೆ ಸಮ ಹಿಡಿದು ಹೊಸೆಯಬೇಕು. ಒಂದು ಇಂಚಿಗೆ ಆರರಿಂದ ಎಂಟು ಸುತ್ತು. ಕಡಿಮೆಯಾದರೆ ಜೋಲು, ಹೆಚ್ಚಾದರೆ ತಂತಿಯೇ ದಣಿದು ಕಡಿಯುತ್ತದೆ. ಕೊನೆಯಲ್ಲಿ ಮಿಕ್ಕ ತುದಿಯನ್ನು ಕತ್ತರಿಸಿ ಒಳಕ್ಕೆ ಬಗ್ಗಿಸಬೇಕು. ಮುಂದೆ ಅಲ್ಲಿಗೆ ಕೈ ಹಾಕುವವನ ಬೆರಳು ಹರಿಯಬಾರದು. ಒಮ್ಮೆ ಬಿಚ್ಚಿದ ತಂತಿಯನ್ನು ಮತ್ತೆ ಕಟ್ಟುವ ಹಾಗಿಲ್ಲ.

ಅವಳಿಗೆ 1974ರ ಒಂದು ಮಧ್ಯಾಹ್ನದ ಸಂಗತಿ ಹೇಳಿದೆ. ಇದುವರೆಗೆ ಯಾರಿಗೂ ಹೇಳಿರಲಿಲ್ಲ. ತಾಂಬರಂನಲ್ಲಿ ಟ್ರೇಡ್ ಮುಗಿಸಿ ಯೂನಿಟ್ಟಿಗೆ ಬಂದು ನಾಲ್ಕು ತಿಂಗಳಾಗಿತ್ತು. ಚಕ್ರ ಮಡಿಸುವ ಗೂಡಿನಲ್ಲಿ ಎರಡು ಬೋಲ್ಟಿಗೆ ವೈರ್ ಹಾಕಿ, ಚೆಂದವಾಗಿ ಹೊಸೆದು, ಫಾರ್ಮ್ 700ರಲ್ಲಿ ಸಹಿ ಹಾಕಲು ಹೊರಟೆ. ನಮ್ಮ ಸಾರ್ಜೆಂಟ್ ಬಂದು ಗೂಡಿನೊಳಗೆ ಕೈ ಹಾಕಿದರು. ಕಣ್ಣು ಮುಚ್ಚಿಕೊಂಡಿದ್ದರು. ಬೆರಳ ತುದಿಯಲ್ಲಿ ತಂತಿ ಸವರಿ, ಕೈ ಹೊರಗೆ ತೆಗೆದು, ಕಟರ್ ಕೇಳಿದರು. ತಂತಿ ಕತ್ತರಿಸಿ ನನ್ನ ಅಂಗೈಗಿಟ್ಟು, "ನೋಡು" ಅಂದರು, ಅಷ್ಟೆ. ಹೊಸೆತ ಚೆನ್ನಾಗೇ ಇತ್ತು. ದಿಕ್ಕು ತಿರುಗುಮುರುಗಾಗಿತ್ತು. ನನ್ನ ತಂತಿ ಬೋಲ್ಟನ್ನು ಬಿಗಿಯುವ ಬದಲು ಬಿಚ್ಚುವ ಕಡೆಗೆ ಎಳೆಯುತ್ತಿತ್ತು. ಮರುದಿನ ಆ ವಿಮಾನದಲ್ಲಿ ಮೂವತ್ತೆಂಟು ಜನ ಹೋದರು. ಅವರಲ್ಲಿ ಯಾರಿಗೂ ಈ ವಿಷಯ ಗೊತ್ತಿಲ್ಲ.

ಆ ರಾತ್ರಿ ಬ್ಯಾರಕ್ಕಿನಲ್ಲಿ ನಿದ್ದೆ ಬರಲಿಲ್ಲ. ಐವತ್ತು ವರ್ಷವಾಗುತ್ತಾ ಬಂತು, ಆ ತುಂಡು ತಂತಿ ಅಂಗೈಗೆ ತಾಕಿದ್ದು ಹಾಗೇ ಇದೆ.

ಚಂದನಾ ಏನೂ ಮಾತಾಡಲಿಲ್ಲ. ಸಂಜೆಯವರೆಗೆ ಹನ್ನೊಂದು ಸಲ ಕಟ್ಟಿದಳು. ಹನ್ನೊಂದೂ ಸಲ ನಾನು ಕತ್ತರಿಸಿದೆ. ನನ್ನ ಹೆಂಡತಿ ಒಳಗಿಂದ "ರೀ, ಮಗೂಗೆ ಕಾಫಿನಾದ್ರೂ ಕುಡಿಯೋಕೆ ಬಿಡ್ರಿ" ಎಂದು ಗದರಿದಳು.

ಡಿಸೆಂಬರ್ 24, ಭಾನುವಾರ

ಹಿತಕಿದ ಅವರೆಬೇಳೆ ಸಾರು, ಅಕ್ಕಿರೊಟ್ಟಿ. ಸೊಗಡು ಮನೆಯೆಲ್ಲ ತುಂಬಿತ್ತು.

ಮಿಲಿಟರಿ ಸಾಗಣೆಗೆ ಆವ್ರೋದಲ್ಲಿ ಒಂದು ತೊಡಕಿತ್ತು, ಅದನ್ನೂ ಬರೆಯಬೇಕು. ರೆಕ್ಕೆ ಕೆಳಗಿದ್ದರೆ ವಿಮಾನದ ನೆಲ ಎತ್ತರಕ್ಕೆ ಹೋಗುತ್ತದೆ, ಜೀಪು ಹತ್ತಿಸಲಾಗದು. ಬ್ರಿಟಿಷರು ತಮ್ಮ ವಾಯುಪಡೆಗೆ ಇದನ್ನೇ ತಿದ್ದಿ ಆಂಡೋವರ್ ಎಂಬ ವಿಮಾನ ಮಾಡಿದರು. ಹಿಂಭಾಗ ಸೀಳಿ ಇಳಿಜಾರು ಬಾಗಿಲಿಟ್ಟು, ಚಕ್ರದ ಕಾಲುಗಳನ್ನೇ ಗಿಡ್ಡ ಮಾಡುವ ಏರ್ಪಾಟು ಕೂರಿಸಿದರು. ಅಂಬಾರಿ ಕಟ್ಟಿಸಿಕೊಳ್ಳಲು ಆನೆ ಮಂಡಿಯೂರುವ ಹಾಗೆ ವಿಮಾನ ಬಾಗುತ್ತಿತ್ತು. ಚೆಂದದ ಕೆಲಸ, ಆದರೆ ದುಬಾರಿ, ತೂಕವೂ ಹೆಚ್ಚು. ಅವರು ಕಟ್ಟಿದ್ದು ಮೂವತ್ತೊಂದೇ. ಕಾನ್ಪುರದವರು ಸರಳ ದಾರಿ ಹಿಡಿದರು. ಮೈಯ ಹಿಂಬದಿ ಪಕ್ಕದಲ್ಲಿ ದೊಡ್ಡ ಸರಕಿನ ಬಾಗಿಲು ಕೊಯ್ದು, ಅಲ್ಲಿಂದಲೇ ಸಾಮಾನು ಏರಿಸುವ, ಪ್ಯಾರಾಚೂಟಿನವರು ಜಿಗಿಯುವ ಹಾಗೆ ಮಾಡಿದರು. ಆ 748 ಎಂ ಮಾದರಿ 1972ರಲ್ಲಿ ಹಾರಿತು. ನಾನು ವಾಯುಪಡೆಗೆ ಸೇರಿದ ವರ್ಷ.

ಅಷ್ಟು ಹೊತ್ತಿಗೆ ಕಾನ್ಪುರದ ಡಿಪೋ ಎಚ್‌ಎಎಲ್‌ಗೆ ಸೇರಿ ಎಂಟು ವರ್ಷ. ಡಾರ್ಟ್ ಎಂಜಿನ್ ಬೆಂಗಳೂರಿನ ಎಚ್‌ಎಎಲ್‌ನಲ್ಲಿ. ಒಟ್ಟು 89 ಆವ್ರೋ ಕಾನ್ಪುರದಲ್ಲಿ ಹುಟ್ಟಿದವು, 72 ವಾಯುಪಡೆಗೆ, 17 ಇಂಡಿಯನ್ ಏರ್‌ಲೈನ್ಸ್‌ಗೆ. ಮಂಗಳೂರಿನವರಿಗೆ ಆ ಏರ್‌ಲೈನ್ಸ್ ಆವ್ರೋ ನೆನಪಿರುತ್ತದೆ. 1981ರ ಆಗಸ್ಟಿನಲ್ಲಿ ಬಜ್ಪೆಯಲ್ಲಿ ಒಂದು ಆವ್ರೋ ರನ್‌ವೇ ದಾಟಿಹೋಗಿ ಅಂಚಿಗೆ ನಿಂತಿತು. ಯಾರ ಪ್ರಾಣವೂ ಹೋಗಲಿಲ್ಲ.

ನಮ್ಮವು ಸೈನಿಕರನ್ನು ಹೊತ್ತವು, ಮಂತ್ರಿಗಳನ್ನು ಹೊತ್ತವು, ನ್ಯಾವಿಗೇಟರುಗಳಿಗೆ ಪಾಠಶಾಲೆಯಾದವು. ನನ್ನ ಕೊನೆಯ ಪೋಸ್ಟಿಂಗ್ ಯಲಹಂಕದಲ್ಲಿ, ಸಾಗಣೆ ವಿಮಾನದ ಪೈಲಟ್‌ಗಳು ತರಬೇತಿ ಪಡೆಯುವ ಜಾಗ. ಕಲಿಯುವ ಹುಡುಗರು ದಿನವಿಡೀ ಇಳಿಸುತ್ತಾರೆ, ಏರಿಸುತ್ತಾರೆ, ಧಡ್ ಎಂದು ನೆಲಕ್ಕೆ ಕುಕ್ಕುತ್ತಾರೆ. ಪೆಟ್ಟು ತಿನ್ನುವುದು ಆ ಗಿಡ್ಡ ಕಾಲುಗಳು. ಸಂಜೆ ಅವುಗಳ ಕೆಳಗೆ ಕೂತು ಟೈರು, ಬ್ರೇಕು, ಎಣ್ಣೆ ಸೋರಿಕೆ ನೋಡುವುದು ನಮ್ಮ ಪಾಲು. ವುಡ್‌ಫರ್ಡ್‌ನಲ್ಲಿ ಯಾರೋ ನಕ್ಷೆ ಬರೆಯುವಾಗ ಕಾಲು ಗಿಡ್ಡ ಇರಲಿ ಎಂದು ತೀರ್ಮಾನಿಸಿದ್ದಕ್ಕೆ ಯಲಹಂಕದಲ್ಲಿ ನಾವು ಎಷ್ಟೋ ಸಂಜೆ ಬೇಗ ಮನೆಗೆ ಹೋಗಿದ್ದೇವೆ.

ಜನವರಿ 11, 2024, ಗುರುವಾರ

ಇಪ್ಪತ್ತೈದು ವರ್ಷ.

ನಾನು ಆಗಲೇ ವಾಯುಪಡೆ ಬಿಟ್ಟು ಪೀಣ್ಯದ ಒಂದು ಕಾರ್ಖಾನೆಯಲ್ಲಿದ್ದೆ. ಸಂಜೆ ಸುದ್ದಿ ಬಂತು. ತಮಿಳುನಾಡಿನ ಅರಕ್ಕೋಣಂ ನೌಕಾ ವಾಯುನೆಲೆಯ ಹತ್ತಿರ ಒಂದು ಆವ್ರೋ ಬಿದ್ದಿತ್ತು. ಸಾಮಾನ್ಯ ಆವ್ರೋ ಅಲ್ಲ, ಬೆನ್ನ ಮೇಲೆ 24 ಅಡಿ ಅಗಲದ ತಟ್ಟೆ ಹೊತ್ತ 'ಐರಾವತ'. ದೂರದಿಂದ ಬರುವ ವಿಮಾನಗಳನ್ನು ಆಕಾಶದಿಂದಲೇ ಪತ್ತೆ ಹಚ್ಚುವ ರೇಡಾರ್ ನಾವೇ ಮಾಡೋಣ ಎಂದು ಬೆಂಗಳೂರಿನ ಕ್ಯಾಬ್ಸ್ ಸಂಸ್ಥೆಯವರು ಹಿಡಿದ ಕೆಲಸ. ತಟ್ಟೆ ಹೊತ್ತು ಅದು ಮೊದಲು ಹಾರಿದ್ದು 1990ರ ನವೆಂಬರಿನಲ್ಲಿ. 1999ರ ಈ ದಿನ ತಟ್ಟೆ ಕಿತ್ತು ಬಂದು ವಿಮಾನ ಕಾಡಿಗೆ ಅಪ್ಪಳಿಸಿತು. ವಾಯುಪಡೆಯ ನಾಲ್ವರು, ವಿಜ್ಞಾನಿಗಳು ನಾಲ್ವರು, ಎಂಟೂ ಜನ ಹೋದರು.

ನಾನು ಆ ವಿಮಾನವನ್ನು ಮುಟ್ಟಿದವನಲ್ಲ. ಆದರೆ ಆವ್ರೋ ಬೆನ್ನನ್ನು ಬಲ್ಲೆ. ಮಳೆಗಾಲದಲ್ಲಿ ಅದರ ಮೇಲೆ ಕೂತು ಆಂಟೆನಾದ ಬುಡ ಒರೆಸಿದ್ದೇನೆ, ಬಿಸಿಲಲ್ಲಿ ಅಂಗೈ ಸುಟ್ಟುಕೊಂಡಿದ್ದೇನೆ. ಆ ರಾತ್ರಿಯೆಲ್ಲ ಆ ಬೆನ್ನೇ ಕಣ್ಣೆದುರು. ಹತ್ತಿರದ ಎಷ್ಟೋ ಮನೆಗಳಲ್ಲಿ ಆ ಎಂಟು ಮಂದಿಗಾಗಿ ಕಾಯುತ್ತಿದ್ದ ಊಟ ಇತ್ತು.

ಆ ಕೆಲಸ ಅಲ್ಲಿಗೆ ನಿಂತಿತು. ವರ್ಷಗಳಾದ ಮೇಲೆ ಅದೇ ಸಂಸ್ಥೆಯವರು ಬ್ರೆಜಿಲ್‌ನ ಎಂಬ್ರೇಯರ್ ಜೆಟ್ ಮೇಲೆ ರೇಡಾರ್ ಕೂರಿಸಿ 'ನೇತ್ರ' ಮಾಡಿದರು. 2017ರ ಫೆಬ್ರುವರಿಯಲ್ಲಿ ಯಲಹಂಕದ ಏರ್ ಶೋನಲ್ಲಿ ಅದನ್ನು ವಾಯುಪಡೆಗೆ ಒಪ್ಪಿಸಿದಾಗ ನಾನು ಜನರ ನಡುವೆ ನಿಂತಿದ್ದೆ. ಚಪ್ಪಾಳೆ ಹೊಡೆಯಲು ಕೈ ಎತ್ತಿದವನು, ಹಾಗೇ ಮುಗಿದೆ.

ಇವತ್ತು ದೇವರ ಮನೆಯಲ್ಲಿ ಒಂದು ದೀಪ ಹೆಚ್ಚಿಗೆ ಹಚ್ಚಿದ್ದೇನೆ. ಇವಳು ಯಾಕೆಂದು ಕೇಳಲಿಲ್ಲ. ಅವಳಿಗೆ ಗೊತ್ತು.

ಜನವರಿ 21, ಭಾನುವಾರ

ಕುಲಕರ್ಣಿ ಮಗಳ ಮನೆಗೆ ಬಂದವನು ಇಲ್ಲಿಗೂ ಬಂದ. ಕಿವಿಗೆ ಹೊಸ ಮಿಷನ್ನು. ಚಂದನಾ ಅವನಿಗೆ ನಮಸ್ಕಾರ ಮಾಡಿದಳು. "ಏನವಾ, ಗೌಡ್ರು ಪಾಠ ಹೇಳ್ಯಾರೇನು? ಎಂಜಿನ್ ಪಾಠ ನಾ ಹೇಳ್ತೀನಿ, ಅವರಿಗೆ ಅದರ ಗಂಧ ಇಲ್ಲ" ಎಂದು ಶುರು ಮಾಡಿದ. ಎರಡು ತಾಸು ಹೋದದ್ದು ಗೊತ್ತಾಗಲಿಲ್ಲ.

ಹೊಸ ಸಿ-295 ಬಗ್ಗೆ ಮೂವರೂ ಮಾತಾಡಿದೆವು. 56 ವಿಮಾನ, 16 ಸ್ಪೇನಿನ ಸೆವಿಲ್ಲೆಯಿಂದ ಸಿದ್ಧವಾಗಿಯೇ ಬರುತ್ತವೆ, 40ನ್ನು ವಡೋದರಾದಲ್ಲಿ ಟಾಟಾದವರು ಕಟ್ಟುತ್ತಾರೆ. ಹಿಂದೆ ಇಳಿಜಾರು ಬಾಗಿಲು, ಒಂಬತ್ತು ಟನ್ ಹೊರೆ, ಎಪ್ಪತ್ತೊಂದು ಸೈನಿಕರು. ಆವ್ರೋಗೆ ಆಗದ ಕೆಲಸಗಳು. ಅದು ಬರಬೇಕಾದ್ದೇ, ಇಷ್ಟು ತಡವಾಗಬಾರದಿತ್ತು. ಆದರೆ ಕಾನ್ಪುರ ಅರವತ್ತೊಂದರಲ್ಲಿ ಮಾಡಿ ತೋರಿಸಿದ್ದನ್ನು ಇಂದು ಹೊಸದಾಗಿ ಮೊದಲಿಂದ ಕಲಿಯುವಂತಾಯಿತಲ್ಲ ಎಂದು ಕುಲಕರ್ಣಿ ನೊಂದುಕೊಂಡ. ನನಗೂ ಆ ನೋವಿದೆ. 1984ರ ಹೊತ್ತಿಗೆ ಕಾನ್ಪುರದ ಆವ್ರೋ ಸಾಲು ನಿಂತಿತು. ಅದೇ ಕೈಗಳು ಆಮೇಲೆ ಡಾರ್ನಿಯರ್ ಕಟ್ಟಿದವು ನಿಜ, ಆದರೆ ಅದು ಆವ್ರೋಗಿಂತ ಬಹಳ ಚಿಕ್ಕದು.

ಸಂಜೆ ಅವನನ್ನು ದೊಡ್ಡಬಳ್ಳಾಪುರ ರಸ್ತೆಯ ಕಡೆ ಸುತ್ತಾಡಲು ಕರೆದೊಯ್ದೆ. ಒಂದು ಅಂಗಡಿಯ ಮುಂದೆ ಟೀ ಕುಡಿಯುತ್ತಾ ನಿಂತಿದ್ದೆವು. ಪಶ್ಚಿಮದಿಂದ ಶಿಳ್ಳೆ. ನಾನು ತಲೆ ಎತ್ತುವ ಮೊದಲೇ ಕುಲಕರ್ಣಿ ಕಿವಿಯ ಮಿಷನ್ ಕಿತ್ತು ಜೇಬಿಗೆ ಹಾಕಿಕೊಂಡಿದ್ದ. "ಇದು ಯಾಕ ಬೇಕ್ರೀ ಇದಕ್ಕ?" ಎಂದ. ಮರಗಳ ಮೇಲಿಂದ ಆ ಎತ್ತಿನ ಹಿಣಿಲು, ಆ ಮೇಲೆ ಬಾಗಿದ ರೆಕ್ಕೆ, ಚಕ್ರ ಇಳಿಬಿಟ್ಟುಕೊಂಡು ನಿಧಾನವಾಗಿ ಹಾದುಹೋಯಿತು. ಈಗ ಇದು ಅಪರೂಪ. ಅವನಿಗೆ ಎಷ್ಟು ಕೇಳಿಸಿತೋ ಗೊತ್ತಿಲ್ಲ. ಅಂಗೈಯನ್ನು ಎದೆಗೆ ಒತ್ತಿ ಹಿಡಿದಿದ್ದ. "ಬಲಗಡಿ ಎಂಜಿನ್ ಸ್ವಲ್ಪ ಹಿಂದ ಅದ" ಎಂದ. ಟೀ ಆರಿಹೋಗಿತ್ತು.

ಫೆಬ್ರುವರಿ 4, ಭಾನುವಾರ

ಚಂದನಾ ಪ್ಲೇಟು ತಂದು ಮೇಜಿನ ಮೇಲಿಟ್ಟಳು. ಏನೂ ಹೇಳಲಿಲ್ಲ. ಕಾಲೇಜಿನಲ್ಲಿ ಪಾಸಾಯಿತೋ ಇಲ್ಲವೋ ಅದನ್ನೂ ಹೇಳಲಿಲ್ಲ.

ಕನ್ನಡಕ ತೆಗೆದಿಟ್ಟೆ. ಕಣ್ಣು ಮುಚ್ಚಿ, ಮೊದಲ ಬೋಲ್ಟಿನ ತಲೆಯಿಂದ ಬೆರಳು ಹಾಕಿ ತಂತಿಯ ಗುಂಟ ಹೋದೆ. ಹೊಸೆತ ಒಂದೇ ಸಮ. ನಡುವೆ ಜೋಲಿಲ್ಲ. ಎರಡನೇ ತಲೆಯ ಸುತ್ತ ಬಂದು, ದಿಕ್ಕು ನೋಡಿದೆ, ಇನ್ನೊಮ್ಮೆ ನೋಡಿದೆ. ಕೊನೆಗೆ ತುದಿ. ಹೆಬ್ಬೆರಳನ್ನು ಗಟ್ಟಿಯಾಗಿ ಒತ್ತಿ ಎಳೆದೆ. ಚುಚ್ಚಲಿಲ್ಲ.

ಕಟರ್ ಅಲ್ಲೇ ಇತ್ತು. ಅದನ್ನು ಅವಳ ಕಡೆಗೆ ಸರಿಸಿ, ನಿನ್ನ ಪೆಟ್ಟಿಗೆಯಲ್ಲಿಟ್ಟುಕೋ ಅಂದೆ.